ಕಡಿಮೆ ದುಡ್ಡಲ್ಲಿ ಪ್ಯಾರಾಮೋಟರ್ ಶುರು ಮಾಡೋದು: ಮೊದಲ ಖರ್ಚು ಯಾವುದಕ್ಕೆ?

ಪ್ರಶ್ನೆ: ನನಗೆ 34 ವರ್ಷ, ತೂಕ 82 ಕಿಲೋ. ಬೆನ್ನಿಗೆ ಎಂಜಿನ್ ಕಟ್ಟಿಕೊಂಡು ಬಟ್ಟೆಯ ರೆಕ್ಕೆಯಲ್ಲಿ (ವಿಂಗ್) ಹಾರುತ್ತಾರಲ್ಲ, ಆ ಪ್ಯಾರಾಮೋಟರ್ ಹಾರಿಸಬೇಕು ಅನ್ನೋ ಆಸೆ ಬಹಳ ದಿನದ್ದು. ಎರಡು ವರ್ಷದಿಂದ ಸ್ವಲ್ಪ ಸ್ವಲ್ಪ ದುಡ್ಡು ಕೂಡಿಟ್ಟಿದ್ದೇನೆ, ಆದರೂ ಅದು ಹೊಸ ಸೆಟ್‌ನ ಬೆಲೆಯ ಅರ್ಧ ಕೂಡ ಆಗೋದಿಲ್ಲ. ಈಗ ಪರಿಚಯದವರೊಬ್ಬರು ತಮ್ಮ ಹಳೇ ಎಂಜಿನ್ ಮತ್ತು ವಿಂಗ್ ಎರಡನ್ನೂ ಸೇರಿಸಿ ಹೊಸದರ ಮೂರನೇ ಒಂದು ಭಾಗಕ್ಕೆ ಕೊಡುತ್ತೇನೆ ಅನ್ನುತ್ತಿದ್ದಾರೆ. ವಿಂಗ್‌ಗೆ 11 ವರ್ಷ ಆಗಿದೆ, ಆದರೆ ಜಾಸ್ತಿ ಹಾರಿಸಿಲ್ಲ, ಬ್ಯಾಗಲ್ಲೇ ಇತ್ತು ಅಂತಾರೆ. ಲೇಬಲ್ ಮೇಲೆ 85 ರಿಂದ 105 ಕಿಲೋ ಅಂತಿದೆ, ನನ್ನ ತೂಕಕ್ಕೆ ಸರಿಹೋಗಬಹುದು ಅಂದುಕೊಂಡಿದ್ದೇನೆ. ನಾನು ಹೋದಾಗ ಎಂಜಿನ್ ಒಂದೇ ಎಳೆತಕ್ಕೆ ಸ್ಟಾರ್ಟ್ ಆಯ್ತು. ಅವರೇ ಅರ್ಧ ದಿನ ಹೇಳಿಕೊಡುತ್ತಾರಂತೆ. ಇದನ್ನು ತಗೊಂಡರೆ ತರಬೇತಿಗೆ ದುಡ್ಡು ಉಳಿಯೋದಿಲ್ಲ. ವಿಡಿಯೋ ನೋಡಿಯೇ ಕಲಿತವರಿದ್ದಾರೆ, ಎಂಜಿನ್ ನಿಂತರೂ ವಿಂಗ್ ಪ್ಯಾರಾಚೂಟ್ ಥರ ಇಳಿಸುತ್ತೆ, ತಗ್ಗಿನಲ್ಲೇ ಹಾರಿದರೆ ಏನೂ ಆಗಲ್ಲ ಅಂತ ಗೆಳೆಯ ಹೇಳುತ್ತಾನೆ. ಹೆಂಡತಿಗೆ ಮಾತ್ರ ಭಯ. ತಗೊಳ್ಳಲಾ, ಬಿಡಲಾ? ಕಡಿಮೆ ದುಡ್ಡಲ್ಲಿ ಶುರು ಮಾಡೋಕೆ ಬೇರೆ ದಾರಿ ಇದೆಯಾ?

ಉತ್ತರ: ಈಗ ತಗೊಳ್ಳಬೇಡಿ. ಬೇರೆ ದಾರಿ ಖಂಡಿತ ಇದೆ, ನಿಮ್ಮ ಹತ್ತಿರ ಇರುವ ದುಡ್ಡಲ್ಲೇ ಇದೆ.

ನಿಮ್ಮ ಪ್ರಶ್ನೆ ಓದಿದರೆ ಚಿಂತೆ ಎರಡು ಅಂತ ಅನ್ನಿಸುತ್ತೆ. ಒಂದು, ಇಷ್ಟು ಅಗ್ಗಕ್ಕೆ ಸಿಕ್ಕಿದ್ದನ್ನು ಬಿಟ್ಟರೆ ಮತ್ತೆ ಸಿಗುತ್ತೋ ಇಲ್ಲವೋ ಅನ್ನೋದು. ಇನ್ನೊಂದು, ಇದು ನಿಜವಾಗಲೂ ಎಷ್ಟು ಅಪಾಯ ಅನ್ನೋದು. ಮೊದಲನೆಯದಕ್ಕೆ ಉತ್ತರ ಸುಲಭ. ಹಳೇ ಸೆಟ್‌ಗಳು ಸಿಗುತ್ತಲೇ ಇರುತ್ತವೆ. ಉತ್ಸಾಹದಲ್ಲಿ ಕೊಂಡು ಒಂದೆರಡು ವರ್ಷಕ್ಕೆ ಬಿಟ್ಟುಬಿಡುವವರು ಈ ಹವ್ಯಾಸದಲ್ಲಿ ಯಾವಾಗಲೂ ಇದ್ದಾರೆ. ಎರಡನೆಯದಕ್ಕೆ ಸ್ವಲ್ಪ ಉದ್ದ ಹೇಳಬೇಕು, ಯಾಕೆಂದರೆ ನಿಮ್ಮ ಗೆಳೆಯ ಹೇಳಿದ್ದರಲ್ಲಿ ಅರ್ಧ ನಿಜ ಇದೆ. ನಾನು ಕಲಿಸೋಕೆ ಶುರು ಮಾಡಿದಾಗಿನಿಂದ ನೋಡಿದ್ದೇನೆ, ಪೂರ್ತಿ ಸುಳ್ಳಿಗಿಂತ ಈ ಅರ್ಧ ನಿಜಗಳೇ ಜನರನ್ನು ಆಸ್ಪತ್ರೆಗೆ ಸೇರಿಸಿರೋದು ಜಾಸ್ತಿ.

ಎಂಜಿನ್ ನಿಂತರೆ ಏನಾಗುತ್ತೆ ಅನ್ನೋದರಿಂದ ಶುರು ಮಾಡೋಣ. ಎಂಜಿನ್ ನಿಲ್ಲೋದು ತುಂಬಾ ದೊಡ್ಡ ಅಪಾಯ ಏನಲ್ಲ, ಗೆಳೆಯ ಹೇಳಿದ್ದು ಅಷ್ಟರಮಟ್ಟಿಗೆ ಸರಿ. ಬೆನ್ನ ಮೇಲಿರೋದು ಚಿಕ್ಕ ಟೂ ಸ್ಟ್ರೋಕ್ ಎಂಜಿನ್, ಅದು ಒಂದಲ್ಲ ಒಂದು ದಿನ ನಿಲ್ಲುತ್ತೆ ಅಂತಲೇ ಅಂದುಕೊಂಡು ಹಾರಬೇಕು. ನಿಂತ ಮೇಲೂ ವಿಂಗ್ ಮುಂದಕ್ಕೆ ಜಾರಿಕೊಂಡೇ ಇಳಿಯುತ್ತೆ. ಎಂಜಿನ್ ಭಾರ ಹೊತ್ತ ಸಾಮಾನ್ಯ ವಿಂಗ್ 100 ಮೀಟರ್ ಎತ್ತರದಿಂದ ಗಾಳಿ ಇಲ್ಲದಿದ್ದರೆ ಸುಮಾರು ಐದಾರು ನೂರು ಮೀಟರ್ ದೂರ ಹೋಗಬಲ್ಲದು. ಅಷ್ಟರೊಳಗೆ ಬಯಲು ಜಾಗ ಇದ್ದರೆ ಇಳಿದರಾಯ್ತು.

ಆದರೆ ಅದು ಪ್ಯಾರಾಚೂಟ್ ಅಲ್ಲ. ಒಳಗೆ ಗಾಳಿ ತುಂಬಿಕೊಂಡು ಮುಂದಕ್ಕೆ ಚಲಿಸುತ್ತಿದ್ದರೆ ಮಾತ್ರ ಅದು ರೆಕ್ಕೆ. ಬ್ರೇಕ್ (ವಿಂಗ್‌ನ ಹಿಂಬದಿಯನ್ನು ಕೆಳಕ್ಕೆ ಎಳೆಯುವ, ಎರಡೂ ಕೈಯಲ್ಲಿರುವ ಹಿಡಿ) ಜಾಸ್ತಿ ಎಳೆದು ವೇಗ ಕಳೆದರೆ ಅಥವಾ ಕಲಕಿದ ಗಾಳಿಗೆ ಸಿಕ್ಕರೆ ಬಟ್ಟೆ ಮಡಚಿಕೊಳ್ಳುತ್ತೆ, ಇಲ್ಲವೇ ಸ್ಟಾಲ್ ಆಗುತ್ತೆ, ಅಂದರೆ ಎತ್ತಿ ಹಿಡಿಯುವ ಬಲ ಕಳೆದುಕೊಳ್ಳುತ್ತೆ. ಹೊಸಬರಿಗೆ ಒಂದು ಸಹಜ ಚಾಳಿ ಇರುತ್ತೆ: ಹೆದರಿದ ಕೂಡಲೇ ಎರಡೂ ಕೈ ಕೆಳಕ್ಕೆ ಎಳೆದು ಹಿಡಿದುಕೊಳ್ಳೋದು. ಜತೆಗೆ ಥ್ರಾಟಲ್ ಕೂಡ ಒತ್ತಿದ್ದರೆ ಎಂಜಿನ್ ನಿಮ್ಮನ್ನು ವಿಂಗ್‌ಗಿಂತ ಮುಂದಕ್ಕೆ ತಳ್ಳುತ್ತೆ, ವಿಂಗ್ ಹಿಂದೆ ಉಳಿಯುತ್ತೆ, ಸ್ಟಾಲ್ ಇನ್ನೂ ಹತ್ತಿರ ಬರುತ್ತೆ. ಅದರ ಮೇಲೆ ಪ್ರೊಪೆಲ್ಲರ್ ಒಂದು ಕಡೆ ತಿರುಗಿದರೆ ನಿಮ್ಮ ಮೈ ಇನ್ನೊಂದು ಕಡೆ ತಿರುಗೋಕೆ ನೋಡುತ್ತೆ. ಅದನ್ನು ಸರಿ ಮಾಡೋಕೆ ಹೋಗಿ ಒಂದೇ ಬ್ರೇಕನ್ನು ಜೋರಾಗಿ ಎಳೆದರೆ ವಿಂಗ್ ಒಂದು ಬದಿಯಿಂದ ತಿರುಗಿ ಬೀಳಬಹುದು. ಇದೆಲ್ಲಾ ಟೇಕಾಫ್ ಆದ ಮೊದಲ ಮೂವತ್ತು ಸೆಕೆಂಡಿನಲ್ಲಿ, ಮರದ ಎತ್ತರದಲ್ಲಿ ಆಗೋ ವಿಷಯ. ಅರ್ಧ ದಿನದ ಪಾಠದಲ್ಲಿ ಇದನ್ನು ಬಾಯಲ್ಲಿ ಹೇಳಬಹುದು. ಕೈಗೆ ಕಲಿಸೋಕೆ ಆಗೋದಿಲ್ಲ.

ತಗ್ಗಿನಲ್ಲಿ ಹಾರಿದರೆ ಅಪಾಯ ಕಡಿಮೆ ಅನ್ನೋದಂತೂ ಪೂರ್ತಿ ತಲೆಕೆಳಗು. 5 ಮೀಟರ್‌ನಿಂದ ಬಿದ್ದರೂ ಬೆನ್ನುಮೂಳೆ ಮುರಿಯುತ್ತೆ. 200 ಮೀಟರ್ ಮೇಲಿದ್ದರೆ ವಿಂಗ್ ಮಡಚಿಕೊಂಡರೂ ತಾನಾಗೇ ತೆರೆದುಕೊಳ್ಳೋಕೆ ಸಮಯ ಸಿಗುತ್ತೆ, ತುರ್ತಿಗೆ ಅಂತ ಇಟ್ಟುಕೊಳ್ಳುವ ರಿಸರ್ವ್ ಪ್ಯಾರಾಚೂಟ್ ಎಸೆಯೋಕೂ ಸಮಯ ಇರುತ್ತೆ. ನೆಲದ ಹತ್ತಿರ ಎರಡೂ ಇಲ್ಲ. ವಿದ್ಯುತ್ ತಂತಿ ಇರೋದು ಅಲ್ಲೇ. ಮರ, ಕಟ್ಟಡ, ಗುಡ್ಡದ ಹಿಂದೆ ಗಾಳಿ ಸುಳಿ ಸುತ್ತೋದೂ ಅಲ್ಲೇ, ಅದು ಆ ಅಡ್ಡಿಯ ಎತ್ತರದ ಹತ್ತು ಪಟ್ಟು ದೂರದವರೆಗೂ ಇರಬಹುದು. ವಿಡಿಯೋಗಳಲ್ಲಿ ಕಾಲಿನಿಂದ ಹುಲ್ಲು ಸವರಿಕೊಂಡು ಹೋಗುವವರನ್ನು ನೋಡಿ ಇದೇ ಸುರಕ್ಷಿತ ಅಂದುಕೊಳ್ಳಬೇಡಿ. ಅದು ಅನುಭವಸ್ಥರೂ ಪೆಟ್ಟು ತಿನ್ನುವ ಆಟ.

ಇಷ್ಟಾದರೂ ಗಾಳಿಯಲ್ಲಿ ಆಗೋದನ್ನೇ ಹೇಳಿದೆ. ಈ ಕ್ರೀಡೆಯಲ್ಲಿ ಪದೇ ಪದೇ ಆಗುವ ಗಂಭೀರ ಗಾಯ ನೆಲದ ಮೇಲೇ ಆಗುತ್ತೆ, ತಿರುಗುವ ಪ್ರೊಪೆಲ್ಲರ್‌ಗೆ ಕೈ ತಗುಲಿ. ಎಂಜಿನ್ ನೆಲದ ಮೇಲಿಟ್ಟು, ಒಂದು ಕೈಯಲ್ಲಿ ಹಿಡಿದು, ಇನ್ನೊಂದು ಕೈಯಲ್ಲಿ ಸ್ಟಾರ್ಟರ್ ಎಳೆಯುತ್ತಾರೆ. ಥ್ರಾಟಲ್ ಕೇಬಲ್ ಎಲ್ಲೋ ಸಿಕ್ಕಿಕೊಂಡಿರುತ್ತೆ. ಎಂಜಿನ್ ಹೊತ್ತಿದ ಕೂಡಲೇ ಪೂರ್ತಿ ವೇಗಕ್ಕೆ ಏರಿ, ಐವತ್ತು ಅರವತ್ತು ಕಿಲೋ ಬಲದಿಂದ ಮೈಮೇಲೆ ನುಗ್ಗುತ್ತೆ. ತಡೆಯೋಕೆ ಅಂತ ಕೈ ಮುಂದಕ್ಕೆ ಹೋಗುತ್ತೆ, ಪ್ರೊಪೆಲ್ಲರ್ ಸುತ್ತಲಿನ ಕೇಜ್‌ನ ಬಲೆ ಒಳಕ್ಕೆ ಬಾಗುತ್ತೆ. ಆ ಬಲೆ ಇರೋದು ಮುಖ್ಯವಾಗಿ ವಿಂಗ್‌ನಿಂದ ಇಳಿಬಿದ್ದ ದಾರಗಳು, ಅಂದರೆ ಲೈನ್‌ಗಳು, ಪ್ರೊಪೆಲ್ಲರ್‌ಗೆ ಸಿಗದ ಹಾಗೆ ತಡೆಯೋಕೆ, ಜೋರಾಗಿ ಬಂದ ಕೈಯನ್ನು ಅದು ತಡೆಯುತ್ತೆ ಅಂತ ನಂಬೋಕಾಗಲ್ಲ. ಹೊಸ ಮಾದರಿಗಳಲ್ಲಿ ಕೆಲವಕ್ಕೆ ಸ್ಟಾರ್ಟ್ ಆದ ಕೂಡಲೇ ವೇಗ ಏರಿದರೆ ಎಂಜಿನ್ ತಾನೇ ಆರುವ ವ್ಯವಸ್ಥೆ ಇದೆ. ಹಳೇ ಎಂಜಿನ್‌ಗಳಲ್ಲಿ ಇರೋದಿಲ್ಲ. ಎಂಜಿನ್ ಸ್ಟಾರ್ಟ್ ಮಾಡೋ ಕ್ರಮ, ಅದಕ್ಕೂ ಮೊದಲು ಥ್ರಾಟಲ್ ಬಿಟ್ಟಾಗ ಸಲೀಸಾಗಿ ಹಿಂದಕ್ಕೆ ಬರುತ್ತಾ ಅಂತ ನೋಡೋದು, ಆರಿಸುವ ಬಟನ್ ಬೆರಳಲ್ಲೇ ಇಟ್ಟುಕೊಳ್ಳೋದು, ಸುತ್ತ ಯಾರೂ ಇಲ್ಲ ಅಂತ ಖಚಿತ ಮಾಡಿಕೊಳ್ಳೋದು, ಇದನ್ನು ಒಳ್ಳೆ ಶಿಕ್ಷಕರು ವಿಂಗ್ ಮುಟ್ಟಿಸೋಕೂ ಮೊದಲೇ ರೂಢಿ ಮಾಡಿಸುತ್ತಾರೆ. ನಿಮಗೆ ಸೆಟ್ ಮಾರುತ್ತಿರುವವರು ಈ ಬಗ್ಗೆ ಏನಾದರೂ ಹೇಳಿದರಾ?

ನೀರಿನ ಬಗ್ಗೆಯೂ ಹೇಳಲೇಬೇಕು. ಕೆರೆ, ಹೊಳೆ, ಸಮುದ್ರದ ಮೇಲೆ ಹಾರುವಾಗ ಎಂಜಿನ್ ನಿಂತು ನೀರಿಗೆ ಬಿದ್ದರೆ ಬೆನ್ನ ಮೇಲಿನ ಭಾರ ಮುಳುಗಿಸುತ್ತೆ, ಪಟ್ಟಿಗಳು ಬಿಚ್ಚೋಕೆ ಬಿಡೋದಿಲ್ಲ. ಈಜು ಬಂದರೂ ಪ್ರಯೋಜನ ಇಲ್ಲ. ಈ ಕ್ರೀಡೆಯ ಸಾವುಗಳಲ್ಲಿ ಮುಳುಗಿ ಸತ್ತವರು ಕಡಿಮೆ ಏನಿಲ್ಲ. ಶುರುವಿನಲ್ಲಿ ನೀರಿನ ಕಡೆ ಹೋಗಲೇಬೇಡಿ. ಮುಂದೆ ಹೋಗುವುದಾದರೆ ನೀರು ತಾಗಿದ ಕೂಡಲೇ ತಾನೇ ಉಬ್ಬುವ ತೇಲುಚೀಲ ಎಂಜಿನ್ ಫ್ರೇಮ್‌ಗೆ ಹಾಕಿಸಿಕೊಂಡೇ ಹೋಗಿ.

ಈಗ ನಿಮಗೆ ಸಿಕ್ಕಿರುವ ಸೆಟ್‌ನ ವಿಷಯಕ್ಕೆ ಬರುತ್ತೇನೆ.

ಲೇಬಲ್ ಮೇಲಿನ 85 ರಿಂದ 105 ಕಿಲೋ ನಿಮ್ಮ ದೇಹದ ತೂಕ ಅಲ್ಲ. ಗಾಳಿಯಲ್ಲಿ ಇರುವ ಎಲ್ಲದರ ಒಟ್ಟು ತೂಕ ಅದು, ವಿಂಗ್‌ನದ್ದೂ ಸೇರಿ. ನಿಮ್ಮ 82, ಎಂಜಿನ್ ಮತ್ತು ಹಾರ್ನೆಸ್ (ಮೈಗೆ ಕಟ್ಟುವ ಪಟ್ಟಿ, ಸೀಟು) ಸುಮಾರು 28, ವಿಂಗ್ 6, ಎಂಟು ಲೀಟರ್ ಪೆಟ್ರೋಲ್ 6, ಹೆಲ್ಮೆಟ್, ಬಟ್ಟೆ, ಬೂಟು, ರಿಸರ್ವ್ ಸೇರಿ 5. ಕೂಡಿಸಿದರೆ 127. ಅಂದರೆ ಆ ವಿಂಗ್‌ಗೆ ನೀವು 22 ಕಿಲೋ ಜಾಸ್ತಿ. ಪಳಗಿದ ಪ್ಯಾರಾಮೋಟರ್ ಪೈಲಟ್‌ಗಳು ಲೇಬಲ್‌ಗಿಂತ ಹೆಚ್ಚಿನ ತೂಕದಲ್ಲಿ ಹಾರುತ್ತಾರೆ, ಕೆಲವು ತಯಾರಕರು ಎಂಜಿನ್ ಜತೆ ಹಾರೋಕೆ ಅಂತ ಬೇರೆ ಹೆಚ್ಚಿನ ಮಿತಿಯನ್ನೂ ಕೊಡುತ್ತಾರೆ, ಅದು ನಿಜ. ಆದರೆ ತೂಕ ಹೆಚ್ಚಾದಷ್ಟೂ ವಿಂಗ್ ವೇಗವಾಗಿ ಹೋಗುತ್ತೆ. ಟೇಕಾಫ್‌ಗೆ ಜಾಸ್ತಿ ಓಡಬೇಕು, ಇಳಿಯುವಾಗ ವೇಗ ಜಾಸ್ತಿ, ತಿರುವು ಚುರುಕು, ಮಡಚಿಕೊಂಡರೆ ಪ್ರತಿಕ್ರಿಯೆಯೂ ಜೋರು. ಮೊದಲ ಸಲ ಮೂವತ್ತು ಕಿಲೋ ಹೊತ್ತು ಓಡುವವರಿಗೆ ಇದರಲ್ಲಿ ಒಂದೂ ಬೇಡ. ನಿಮಗೆ ಬೇಕಾಗಿರೋದು ನಿಮ್ಮ ಒಟ್ಟು ತೂಕ ಮಿತಿಯೊಳಗೆ ಬರುವ, ಯುರೋಪಿನ ಸುರಕ್ಷತಾ ಪರೀಕ್ಷೆಯ ಇಎನ್ ದರ್ಜೆಯಲ್ಲಿ ಎ (ಎಲ್ಲಕ್ಕಿಂತ ಸೌಮ್ಯ), ಇಲ್ಲವೇ ಬಿಯಲ್ಲೇ ಎಗೆ ಹತ್ತಿರದ ಸೌಮ್ಯ ವಿಂಗ್. ಆ ಪರೀಕ್ಷೆಯಲ್ಲಿ ವಿಂಗ್ ಅನ್ನು ಬೇಕಂತಲೇ ಮಡಚಿ, ಅದು ಎಷ್ಟು ಸಲೀಸಾಗಿ ತಾನೇ ಸರಿಹೋಗುತ್ತೆ ಅಂತ ನೋಡಿರುತ್ತಾರೆ.

ಹನ್ನೊಂದು ವರ್ಷದ ಬಟ್ಟೆಗೆ ಬ್ಯಾಗಲ್ಲಿದ್ದ ಮಾತ್ರಕ್ಕೆ ವಯಸ್ಸಾಗಲ್ಲ ಅಂತ ಇಲ್ಲ. ಬಿಸಿಲು ಅದರ ದೊಡ್ಡ ಶತ್ರು ಹೌದು, ಆದರೆ ತೇವ ಇದ್ದಾಗ ಮಡಚಿ ಇಟ್ಟಿದ್ದರೆ, ಕಾರಿನ ಡಿಕ್ಕಿಯ ಬಿಸಿಯಲ್ಲಿ ಬಿಟ್ಟಿದ್ದರೆ, ನೈಲಾನ್ ಮೇಲಿನ ಲೇಪ ಹಾಳಾಗಿ ಬಟ್ಟೆ ಗಾಳಿ ಬಿಡೋಕೆ ಶುರು ಮಾಡುತ್ತೆ. ಕಣ್ಣಿಗೆ ಬಣ್ಣ ಹೊಳೆಯುತ್ತಿರುತ್ತೆ, ಏನೂ ಗೊತ್ತಾಗೋದಿಲ್ಲ. ಅದಕ್ಕೊಂದು ಉಪಕರಣ ಇದೆ, ನಿಗದಿತ ಗಾಳಿ ಬಟ್ಟೆಯ ಮೂಲಕ ಹಾದುಹೋಗೋಕೆ ಎಷ್ಟು ಸೆಕೆಂಡ್ ಬೇಕು ಅಂತ ಅಳೆಯುತ್ತೆ. ಒಳ್ಳೆ ಬಟ್ಟೆಯಲ್ಲಿ ನೂರಾರು ಸೆಕೆಂಡ್, ಸತ್ತ ಬಟ್ಟೆಯಲ್ಲಿ ಕೆಲವೇ ಸೆಕೆಂಡ್.

ಲೈನ್‌ಗಳ ಕಥೆ ಇನ್ನೂ ಸೂಕ್ಷ್ಮ. ಮುಂದಿನ ಲೈನ್‌ಗಳ ಮೇಲೆ ಭಾರ ಜಾಸ್ತಿ, ಅವು ಉದ್ದ ಉಳಿಯುತ್ತವೆ. ಹಿಂದಿನವುಗಳ ಮೇಲೆ ಭಾರ ಕಡಿಮೆ, ವರ್ಷ ಕಳೆದ ಹಾಗೆ ಅವು ಕುಗ್ಗುತ್ತವೆ. ವ್ಯತ್ಯಾಸ ಕೆಲವೇ ಸೆಂಟಿಮೀಟರ್ ಇರಬಹುದು, ಆದರೆ ಅದರಿಂದ ವಿಂಗ್‌ನ ಹಿಂಬದಿ ಸದಾ ಸ್ವಲ್ಪ ಬ್ರೇಕ್ ಎಳೆದ ಹಾಗೇ ಇರುತ್ತೆ. ನೆಲದಿಂದ ಎತ್ತುವಾಗ ತಲೆ ಮೇಲೆ ಬರದೆ ಹಿಂದೆಯೇ ತೂಗುತ್ತೆ, ಗಾಳಿಯಲ್ಲಿ ಸ್ಟಾಲ್‌ಗೆ ಮೊದಲೇ ಹತ್ತಿರ ಇರುತ್ತೆ. ಬಟ್ಟೆಯೂ ಗಾಳಿ ಬಿಡುತ್ತಿದ್ದರೆ ಎರಡೂ ಸೇರಿ, ವಿಂಗ್ ತುಂಬಿಕೊಂಡೇ ಇದ್ದರೂ ಮುಂದಕ್ಕೆ ಹೋಗದೆ ನೆಟ್ಟಗೆ ಕೆಳಕ್ಕಿಳಿಯುವ ಸ್ಥಿತಿ ಬರಬಹುದು. ಇದಕ್ಕೆಲ್ಲ ವಿಂಗ್ ತಪಾಸಣೆ ಮಾಡುವವರ ಹತ್ತಿರ ಕಳಿಸಿ ಲಿಖಿತ ವರದಿ ತರಿಸೋದೇ ಸರಿಯಾದ ದಾರಿ. ಮಾರುವವರು ಅದಕ್ಕೆ ಒಪ್ಪದಿದ್ದರೆ ಮಾತು ಅಲ್ಲಿಗೇ ಮುಗಿಯಿತು.

ಎಂಜಿನ್ ಒಂದೇ ಎಳೆತಕ್ಕೆ ಸ್ಟಾರ್ಟ್ ಆಯ್ತು ಅಂದಿರಿ. ನೀವು ಹೋಗೋಕೆ ಮೊದಲೇ ಅದು ಬಿಸಿ ಇತ್ತಾ? ಇನ್ನೊಂದು ಸಲ ಯಾವುದೇ ಹಳೇ ಎಂಜಿನ್ ನೋಡೋಕೆ ಹೋದಾಗ ಮೊದಲು ಸಿಲಿಂಡರ್ ಹತ್ತಿರ ಕೈ ಇಟ್ಟು ನೋಡಿ, ತಣ್ಣಗಿರಬೇಕು. ತಣ್ಣಗಿದ್ದಾಗ ಹೇಗೆ ಸ್ಟಾರ್ಟ್ ಆಗುತ್ತೆ ಅನ್ನೋದೇ ಮುಖ್ಯ. ಎಷ್ಟು ಗಂಟೆ ಓಡಿದೆ, ಪಿಸ್ಟನ್ ಮತ್ತು ರಿಂಗ್ ಯಾವಾಗ ಬದಲಾಯಿಸಿದ್ದು ಅಂತ ಬರೆದಿಟ್ಟಿದ್ದಾರಾ ಕೇಳಿ. ಸೈಲೆನ್ಸರ್ ಬಿಚ್ಚಿದರೆ ಎಕ್ಸಾಸ್ಟ್ ಕಿಂಡಿಯಿಂದ ಪಿಸ್ಟನ್ ಕಾಣುತ್ತೆ, ಉದ್ದುದ್ದ ಗೀರು ಇದ್ದರೆ ಬೇಡ. ಕಂಪ್ರೆಷನ್ ಅಳೆಸಿ. ಫ್ರೇಮ್‌ನ ಬೆಸುಗೆಯಲ್ಲಿ ಕೂದಲೆಳೆ ಬಿರುಕು, ಸೈಲೆನ್ಸರ್ ಹಿಡಿದಿರುವ ರಬ್ಬರ್, ಬೆಲ್ಟ್, ಪ್ರೊಪೆಲ್ಲರ್ ಅಂಚು, ಹಾರ್ನೆಸ್ ಪಟ್ಟಿಯ ಹೊಲಿಗೆ, ಎಲ್ಲವನ್ನೂ ಬೆಳಕಲ್ಲಿ ನೋಡಿ. ಕೊನೆಗೆ, ಗೊತ್ತಿರುವವರು ಹೊತ್ತುಕೊಂಡು ಪೂರ್ತಿ ಥ್ರಾಟಲ್‌ನಲ್ಲಿ ಒಂದು ನಿಮಿಷ ಓಡಿಸಲಿ. ಸುಮ್ನೆ ಐಡಲ್‌ನಲ್ಲಿ ಗುಟುರು ಹಾಕೋದು ಕೇಳಿ ಖುಷಿಪಟ್ಟರೆ ಏನೂ ತಿಳಿಯಲ್ಲ.

ಹಳೇ ಎಂಜಿನ್ ಕೊಳ್ಳೋದನ್ನು ನಾನು ವಿರೋಧಿಸುತ್ತಿಲ್ಲ. ದುಡ್ಡು ಉಳಿಸೋಕೆ ಅದೇ ಅತ್ಯಂತ ಒಳ್ಳೆ ಜಾಗ. ಹೊಸ ಸೆಟ್‌ನ ಖರ್ಚಿನಲ್ಲಿ ಸುಮಾರು ಅರ್ಧ ಎಂಜಿನ್‌ಗೇ ಹೋಗುತ್ತೆ, ಕಾಲು ಭಾಗ ವಿಂಗ್‌ಗೆ, ಉಳಿದದ್ದರಲ್ಲಿ ತರಬೇತಿ, ರಿಸರ್ವ್, ಹೆಲ್ಮೆಟ್. ಎಂಜಿನ್ ನಿಂತರೆ ನೀವು ಇಳಿಯುತ್ತೀರಿ, ಆದ್ದರಿಂದ ಅಲ್ಲಿ ಹಳೆಯದು ಆಗಬಹುದು. ಆದರೆ ಬಿಡಿಭಾಗ ಸುಲಭವಾಗಿ ಸಿಗುವ, ತುಂಬಾ ಜನ ಬಳಸುವ ಮಾದರಿಯೇ ಆಗಿರಲಿ. ವಿಟ್ಟೊರಾಜಿ ಮೋಸ್ಟರ್ 185, ಪೊಲಿನಿ ಥಾರ್ ಸರಣಿಯಂಥವು ಎಷ್ಟು ಜನರ ಹತ್ತಿರ ಇವೆ ಅಂದರೆ ರಿಪೇರಿ ತಿಳಿದವರೂ ಸಿಗುತ್ತಾರೆ, ಭಾಗಗಳೂ ಸಿಗುತ್ತವೆ. ತಯಾರಿಕೆ ನಿಂತುಹೋದ ಎಂಜಿನ್ ಎಷ್ಟೇ ಅಗ್ಗ ಇದ್ದರೂ ಒಂದು ಚಿಕ್ಕ ಭಾಗಕ್ಕಾಗಿ ತಿಂಗಳುಗಟ್ಟಲೆ ಮೂಲೆಯಲ್ಲಿ ಕೂರುತ್ತೆ. ನಿಮ್ಮ ತೂಕಕ್ಕೆ 60 ರಿಂದ 70 ಕಿಲೋ ಥ್ರಸ್ಟ್ (ಎಂಜಿನ್ ತಳ್ಳುವ ಬಲ) ಆರಾಮಾಗಿ ಸಾಕು. 80 ಸಿಸಿ ಎಂಜಿನ್‌ಗಳು ಹಗುರ, ಬೆನ್ನಿಗೆ ಹಿತ, ಆದರೆ ನಿಮ್ಮ ತೂಕಕ್ಕೆ ಏರೋದು ನಿಧಾನ ಆಗಬಹುದು. ಎಲ್ಲಕ್ಕಿಂತ ಶಕ್ತಿಯದ್ದೇ ಬೇಕು ಅಂತಲೂ ಹೋಗಬೇಡಿ. ಶಕ್ತಿ ಹೆಚ್ಚಿದ ಹಾಗೆ ಮೈ ತಿರುಗಿಸುವ ಬಲವೂ ಹೆಚ್ಚುತ್ತೆ, ಹೊತ್ತು ಓಡುವ ಭಾರವೂ ಹೆಚ್ಚುತ್ತೆ.

ಹಾಗಾದರೆ ದುಡ್ಡನ್ನು ಯಾವ ಕ್ರಮದಲ್ಲಿ ಖರ್ಚು ಮಾಡೋದು? ಇಡೀ ಉತ್ತರದಲ್ಲಿ ನಾನು ಒತ್ತಿ ಹೇಳೋದು ಇದನ್ನೇ: ತರಬೇತಿ ಮೊದಲು, ಸಾಮಾನು ಆಮೇಲೆ. ಜನ ಇದನ್ನು ಉಲ್ಟಾ ಮಾಡುತ್ತಾರೆ, ಯಾಕೆಂದರೆ ಸಾಮಾನು ಮನೆಗೆ ಬಂದರೆ ಅರ್ಧ ಪೈಲಟ್ ಆದ ಹಾಗೆ ಅನ್ನಿಸುತ್ತೆ. ಚಪ್ಪಲಿ ಅಳತೆ ಗೊತ್ತಿಲ್ಲದೆ ಕೊಂಡ ಹಾಗೆ ಅದು. ಕಲಿಯುವವರೆಗೂ ನಿಮಗೆ ಯಾವ ಹಾರ್ನೆಸ್ ಒಗ್ಗುತ್ತೆ, ಎಷ್ಟು ಭಾರ ಹೊತ್ತು ಓಡಬಲ್ಲಿರಿ, ಓಡುವ ಬದಲು ಚಕ್ರದ ಟ್ರೈಕ್ ಬೇಕಾ, ಏನೂ ತಿಳಿಯಲ್ಲ. ತರಬೇತಿ ಮುಗಿಸಿದವರು ಹಳೇ ಸೆಟ್ ನೋಡುವ ಕಣ್ಣೇ ಬೇರೆ. ಎಷ್ಟೋ ಜನ ಮೊದಲು ಕೊಂಡ ವಿಂಗ್, ಎಂಜಿನ್ ಎರಡನ್ನೂ ವರ್ಷದೊಳಗೆ ನಷ್ಟಕ್ಕೆ ಮಾರಿದ್ದಾರೆ. ಆ ನಷ್ಟ ಬಹಳ ಸಲ ತರಬೇತಿಯ ಶುಲ್ಕಕ್ಕಿಂತ ಜಾಸ್ತಿ ಇರುತ್ತೆ.

ಮೊದಲ ಹೆಜ್ಜೆಗೆ ದುಡ್ಡೇ ಬೇಡ. ಹಾರುವವರು ಸೇರುವ ಮೈದಾನಕ್ಕೆ ಕೆಲವು ವಾರ ಬೆಳಿಗ್ಗೆ ಹೋಗಿ. ವಿಂಗ್ ಹರಡೋಕೆ, ಲೈನ್ ಬಿಡಿಸೋಕೆ ಸಹಾಯ ಮಾಡಿ. ಅವರು ಹಾರದೆ ವಾಪಸ್ ಹೋಗುವ ದಿನಗಳನ್ನೂ ಗಮನಿಸಿ, ಯಾಕೆ ಅಂತ ಕೇಳಿ. ಸೂರ್ಯ ಹುಟ್ಟಿದ ಮೇಲಿನ ಎರಡು ಮೂರು ಗಂಟೆ ಮತ್ತು ಮುಳುಗುವ ಮುಂಚಿನ ಎರಡು ಗಂಟೆ ಬಿಟ್ಟರೆ ನೆಲ ಕಾದು ಗಾಳಿ ಕಲಕುತ್ತೆ ಅನ್ನೋದು ಅಲ್ಲಿ ಅರ್ಥ ಆಗುತ್ತೆ. ಸಾಧ್ಯವಾದರೆ ಒಂದು ಸಲ ಟ್ಯಾಂಡೆಮ್‌ನಲ್ಲಿ, ಅಂದರೆ ಪೈಲಟ್ ಜತೆ ಇಬ್ಬರಾಗಿ, ಹಾರಿ ನೋಡಿ. ಶಬ್ದ, ಎತ್ತರ, ತಲೆಸುತ್ತು ನಿಮಗೆ ಒಗ್ಗುತ್ತಾ ಅಂತ ಗೊತ್ತಾಗುತ್ತೆ. ಹೆಂಡತಿಯನ್ನೂ ಮೈದಾನಕ್ಕೆ ಕರೆದುಕೊಂಡು ಹೋಗಿ. ಅವರ ಭಯಕ್ಕೆ ಬಾಯಿಮಾತಿನ ಸಮಾಧಾನ ಹೇಳಬೇಡಿ, ಅವರೇ ಶಿಕ್ಷಕರನ್ನು ಪ್ರಶ್ನೆ ಕೇಳಲಿ. ಮನೆಯವರು ಕೇಳುವ ಪ್ರಶ್ನೆಗಳು ಎಷ್ಟೋ ಸಲ ಕಲಿಯುವವರ ಪ್ರಶ್ನೆಗಳಿಗಿಂತ ಒಳ್ಳೆಯವು.

ಆಮೇಲೆ ತರಬೇತಿ. ಸಾಮಾನ್ಯವಾಗಿ ಒಂದರಿಂದ ಎರಡು ವಾರ, ಹವಾಮಾನ ಕೈಕೊಟ್ಟರೆ ಇನ್ನೂ ಜಾಸ್ತಿ. ಕಲಿಯುವವರಿಗೆ ಶಾಲೆಯ ಎಂಜಿನ್, ವಿಂಗ್ ಕೊಡುತ್ತಾರಾ ಕೇಳಿ. ಕಲಿಯುವಾಗ ಎಲ್ಲರೂ ಒಂದೆರಡು ಸಲ ಮುಗ್ಗರಿಸುತ್ತಾರೆ, ಪ್ರೊಪೆಲ್ಲರ್ ಮುರಿಯುತ್ತೆ, ಅದರ ಖರ್ಚು ಯಾರದ್ದು ಅಂತ ಮೊದಲೇ ಕೇಳಿ. ಒಬ್ಬ ಶಿಕ್ಷಕರಿಗೆ ಎಷ್ಟು ವಿದ್ಯಾರ್ಥಿಗಳು? ಮೊದಲ ಏಕಾಂಗಿ ಹಾರಾಟಕ್ಕೂ ಮುಂಚೆ ಎಂಜಿನ್ ಇಲ್ಲದೆ ಚಿಕ್ಕ ಇಳಿಜಾರಿನಿಂದ ಅಥವಾ ಹಗ್ಗದ ಎಳೆತದಿಂದ ಹಾರಿಸುತ್ತಾರಾ? ರೇಡಿಯೋದಲ್ಲಿ ಮಾರ್ಗದರ್ಶನ ಇರುತ್ತಾ? ಹವಾಮಾನದಿಂದ ದಿನ ಹಾಳಾದರೆ ಮತ್ತೆ ಬಂದು ಮುಗಿಸಬಹುದಾ? ನಮ್ಮಲ್ಲೇ ಸೆಟ್ ಕೊಂಡರೆ ತರಬೇತಿ ಉಚಿತ ಅನ್ನುವ ಕಡೆ ಅದೇ ಸೆಟ್‌ನ ಬೆಲೆ ಬೇರೆ ಕಡೆ ಎಷ್ಟು ಅಂತ ನೋಡಿ, ಬಹಳ ಸಲ ಶುಲ್ಕ ಬೆಲೆಯಲ್ಲೇ ಸೇರಿರುತ್ತೆ. ಅದು ಮೋಸ ಅಂತಲ್ಲ, ಆದರೆ ಆಯ್ಕೆ ನಿಮ್ಮ ಕೈ ತಪ್ಪುತ್ತೆ.

ಇದರ ಜತೆ ಜತೆಗೇ, ದುಡ್ಡು ಕಡಿಮೆ ಇರುವವರಿಗೆ ನಾನು ಯಾವಾಗಲೂ ಹೇಳೋದು ಗ್ರೌಂಡ್ ಹ್ಯಾಂಡ್ಲಿಂಗ್. ಎಂಜಿನ್ ಇಲ್ಲದೆ, ಬರೀ ಹಾರ್ನೆಸ್ ಹಾಕಿಕೊಂಡು, ಹದವಾದ ಗಾಳಿಯಲ್ಲಿ ಬಯಲಲ್ಲಿ ನಿಂತು ವಿಂಗ್ ಎತ್ತಿ ತಲೆ ಮೇಲೆ ನಿಲ್ಲಿಸಿಕೊಳ್ಳೋದು. ಇಂಧನ ಬೇಡ, ಹಾರುವ ಸ್ಥಿತಿಯ ವಿಂಗೂ ಬೇಡ. ಹಾರೋಕೆ ಲಾಯಕ್ಕಿಲ್ಲ ಅಂತ ಪಕ್ಕಕ್ಕಿಟ್ಟ ಹಳೇ ವಿಂಗ್ ತುಂಬಾ ಕಡಿಮೆ ಬೆಲೆಗೆ ಸಿಗುತ್ತೆ, ಕೆಲವೊಮ್ಮೆ ಯಾರಾದರೂ ಹಾಗೇ ಕೊಡುತ್ತಾರೆ. ಹತ್ತಾರು ಗಂಟೆ ಇದನ್ನು ಮಾಡಿದವರ ಕೈ ವಿಂಗ್ ಜತೆ ಮಾತಾಡೋಕೆ ಕಲಿತಿರುತ್ತೆ. ನೋಡದೇ ಗೊತ್ತಾಗುತ್ತೆ, ಎಡಗಡೆ ಬೀಳುತ್ತಿದೆ, ಹಿಂದೆ ಉಳಿಯುತ್ತಿದೆ ಅಂತ. ಎಂಜಿನ್ ಹೊತ್ತು ಓಡುವಾಗ ಅವರ ಟೇಕಾಫ್ ಕೆಡೋದು ಕಡಿಮೆ, ಪ್ರೊಪೆಲ್ಲರ್ ಮುರಿಯೋದೂ ಕಡಿಮೆ, ಅಂದರೆ ಅಷ್ಟು ದುಡ್ಡು ಉಳಿಯಿತು. ಇದರಲ್ಲೂ ಎಚ್ಚರ ಬೇಕು. ಹೆಲ್ಮೆಟ್ ಹಾಕಿಕೊಳ್ಳಿ, ಗಾಳಿ ಜೋರಿದ್ದಾಗ ಹೋಗಬೇಡಿ, ವಿಂಗ್ ಎಳೆದುಕೊಂಡು ಹೋದರೆ ಒಂದೇ ಬ್ರೇಕ್ ಪೂರ್ತಿ ಎಳೆದು ಅದನ್ನು ನೆಲಕ್ಕೆ ಬೀಳಿಸೋದು ಹೇಗೆ ಅಂತ ಮೊದಲೇ ಯಾರ ಹತ್ತಿರವಾದರೂ ಕಲಿಯಿರಿ.

ನಿಮ್ಮ ಹತ್ತಿರ ಗುಡ್ಡ ಇದ್ದು, ಎಂಜಿನ್ ಇಲ್ಲದ ಪ್ಯಾರಾಗ್ಲೈಡಿಂಗ್ ಕಲಿಸುವವರಿದ್ದರೆ ಅದೂ ಒಂದು ದಾರಿ. ಎಂಜಿನ್‌ಗೆ ಹೋಗುವ ಆ ಅರ್ಧ ಖರ್ಚು ಸದ್ಯಕ್ಕೆ ಮುಂದಕ್ಕೆ ಹೋಗುತ್ತೆ. ವಿಂಗ್ ಅರ್ಥ ಆಗುತ್ತೆ, ಗಾಳಿ ಅರ್ಥ ಆಗುತ್ತೆ. ಅಲ್ಲಿಯ ಎ, ಬಿ ದರ್ಜೆಯ ವಿಂಗ್‌ಗಳನ್ನೇ ಮುಂದೆ ಎಂಜಿನ್ ಜತೆಗೂ ಬಳಸಬಹುದು, ಆದರೆ ಎಂಜಿನ್‌ನ ಭಾರ ಸೇರಿ ಗಾತ್ರ ಸಾಲುತ್ತಾ ನೋಡಬೇಕು, ವಿಂಗ್ ಸಿಕ್ಕಿಸುವ ಕೊಂಡಿ ಎತ್ತರದಲ್ಲಿರುವ ಫ್ರೇಮ್ ಆದರೆ ಬ್ರೇಕ್ ಹಿಡಿ ಕೈಗೆ ಎಟುಕುವ ಹಾಗೆ ಶಿಕ್ಷಕರಿಂದ ಹೊಂದಿಸಿಕೊಳ್ಳಬೇಕು. ತೊಂದರೆ ಏನಂದರೆ ಎಂಜಿನ್‌ಗೆ ಬೇರೆ ತರಬೇತಿ ಬೇಕೇ ಬೇಕು. ಗುಡ್ಡದಿಂದ ಹಾರೋಕೆ ಬರುತ್ತೆ ಅಂತ ನೇರ ಎಂಜಿನ್ ಹೊತ್ತವರು ಥ್ರಾಟಲ್ ವಿಷಯದಲ್ಲೇ ಎಡವುತ್ತಾರೆ. ಒಟ್ಟು ಖರ್ಚು ಕಡಿಮೆ ಆಗದೇ ಇರಬಹುದು, ಆದರೆ ಎರಡು ಮೂರು ವರ್ಷಕ್ಕೆ ಹರಡುತ್ತೆ.

ಇಬ್ಬರು ಸೇರಿ ಒಂದು ಎಂಜಿನ್ ಕೊಳ್ಳೋದು ಮೂರನೇ ದಾರಿ. ಇದು ನನಗೆ ಇಷ್ಟ, ಯಾಕೆಂದರೆ ನೆಲದ ಮೇಲೆ ಯಾವಾಗಲೂ ಒಬ್ಬರು ನೋಡುತ್ತಿರುತ್ತಾರೆ. ತೂಕ ಹತ್ತಿರ ಹತ್ತಿರ ಒಂದೇ ಇರಬೇಕು, ಇಲ್ಲದಿದ್ದರೆ ಹಾರ್ನೆಸ್ ನೇತಾಡುವ ಕೋನ ಪ್ರತಿ ಸಲ ಬದಲಾಯಿಸಬೇಕಾಗುತ್ತೆ. ಆ ಕೋನ ತಪ್ಪಿದರೆ ಎಂಜಿನ್ ನಿಮ್ಮನ್ನು ಹಿಂದಕ್ಕೆ ವಾಲಿಸಿ, ಟೇಕಾಫ್ ಆದ ಮೇಲೆ ಸೀಟಿನಲ್ಲಿ ಕೂರೋಕೂ ಕಷ್ಟ ಆಗುತ್ತೆ. ವಿಂಗ್ ಮಾತ್ರ ಇಬ್ಬರಿಗೂ ಬೇರೆ ಬೇರೆ ಇರಲಿ. ಮುರಿದರೆ ಯಾರು ಕೊಡೋದು ಅಂತ ಬರೆದಿಟ್ಟುಕೊಳ್ಳಿ.

ಮನೆಯಲ್ಲೇ ಫ್ರೇಮ್ ಬೆಸೆದು, ಬೇರೆ ಯಾವುದೋ ಯಂತ್ರದ ಎಂಜಿನ್ ಕೂರಿಸಿ ಮಾಡಿಕೊಳ್ಳುವವರೂ ಇದ್ದಾರೆ. ಹಾರೋಕೆ ಬಂದ, ಕೈಕೆಲಸ ತಿಳಿದ ಜನರಿಗೆ ಅದು ಆಗಬಹುದು. ಕಲಿಯುವವರಿಗೆ ಬೇಡ. ಏನಾದರೂ ಆದಾಗ ತಪ್ಪು ನಿಮ್ಮದೋ ಯಂತ್ರದ್ದೋ ಅಂತ ತಿಳಿಯೋದೇ ಇಲ್ಲ.

ಎಲ್ಲೆಲ್ಲಿ ಉಳಿಸಬಹುದು? ಮರದ ಪ್ರೊಪೆಲ್ಲರ್ ಸಾಕು, ಕಾರ್ಬನ್ ಬೇಡ. ಟೈಟಾನಿಯಂ ಫ್ರೇಮ್ ಬೇಡ. ಎತ್ತರ ತೋರಿಸುವ ಉಪಕರಣ ಸದ್ಯಕ್ಕೆ ಬೇಡ, ವಿಶೇಷ ಜಂಪ್‌ಸೂಟ್ ಬೇಡ, ಕಣಕಾಲು ಹಿಡಿಯುವ ಗಟ್ಟಿ ಬೂಟು ಸಾಕು. ಓಡಿಸುವ ಖರ್ಚು ಅಷ್ಟೇನಿಲ್ಲ, ಗಂಟೆಗೆ ಮೂರು ನಾಲ್ಕು ಲೀಟರ್ ಪೆಟ್ರೋಲ್, ಎಂಜಿನ್ ತಯಾರಕರು ಹೇಳಿದ ಪ್ರಮಾಣದಲ್ಲಿ ಟೂ ಸ್ಟ್ರೋಕ್ ಆಯಿಲ್. ಆಯಿಲ್‌ನಲ್ಲಿ ಮಾತ್ರ ಜಿಪುಣತನ ಬೇಡ, ಪಿಸ್ಟನ್ ಅಂಟಿಕೊಂಡರೆ ಉಳಿಸಿದ್ದೆಲ್ಲಾ ಹೋಗುತ್ತೆ.

ಹೆಲ್ಮೆಟ್ ಹೊಸದೇ ತಗೊಳ್ಳಿ, ಹಳೇ ಹೆಲ್ಮೆಟ್ ಎಲ್ಲಿ ಪೆಟ್ಟು ತಿಂದಿದೆ ಗೊತ್ತಾಗಲ್ಲ. ರಿಸರ್ವ್ ಪ್ಯಾರಾಚೂಟ್ ಬೇಕು. ಹಳೆಯದಾದರೆ ಹತ್ತು ವರ್ಷದ ಒಳಗಿನದಾಗಿರಲಿ, ತಿಳಿದವರಿಂದ ಬಿಚ್ಚಿಸಿ ಮತ್ತೆ ಮಡಿಸಿ, ಆಮೇಲೆ ವರ್ಷಕ್ಕೊಮ್ಮೆಯಾದರೂ ಹಾಗೆ ಮಾಡಿಸಿ. ಎಸೆಯುವ ಮೊದಲು ಎಂಜಿನ್ ಆರಿಸಬೇಕು ಅನ್ನೋದು ಬಾಯಿಪಾಠ ಆಗಿರಬೇಕು, ಇಲ್ಲದಿದ್ದರೆ ಅದರ ಲೈನ್ ಪ್ರೊಪೆಲ್ಲರ್‌ಗೆ ಸಿಗಬಹುದು.

ಕಾನೂನಿನ ಬಗ್ಗೆ ನೀವು ಕೇಳಿಲ್ಲ, ಆದರೂ ದುಡ್ಡು ಕೊಡೋಕೆ ಮೊದಲು ನೋಡಿಕೊಳ್ಳಬೇಕಾದ ವಿಷಯ ಇದು. ದೇಶದಿಂದ ದೇಶಕ್ಕೆ ತುಂಬಾ ವ್ಯತ್ಯಾಸ ಇದೆ. ಅಮೆರಿಕದಲ್ಲಿ 1982ರಲ್ಲಿ ಬಂದ ಪಾರ್ಟ್ 103 ನಿಯಮದ ಪ್ರಕಾರ ಒಬ್ಬರೇ ಹಾರುವ ಇಂಥ ಹಗುರ ಯಂತ್ರಕ್ಕೆ ಲೈಸೆನ್ಸ್ ಬೇಡ. ಫ್ರಾನ್ಸ್, ಜರ್ಮನಿಯಲ್ಲಿ ಬೇಕು. ನೀವು ಹಾರುವ ಜಾಗದ ವಿಮಾನಯಾನ ಇಲಾಖೆಯ ನಿಯಮ, ಹತ್ತಿರದ ವಿಮಾನ ನಿಲ್ದಾಣದ ನಿರ್ಬಂಧಿತ ವಲಯ, ಮೂರನೆಯವರಿಗೆ ಹಾನಿಯಾದರೆ ಇರಬೇಕಾದ ವಿಮೆ, ಈ ಮೂರನ್ನೂ ತಿಳಿದುಕೊಳ್ಳಿ. ಲೈಸೆನ್ಸ್ ಬೇಡ ಅನ್ನುವ ಕಡೆಯೂ ತರಬೇತಿ ಬೇಡ ಅಂತ ಅರ್ಥ ಅಲ್ಲ.

ಈಗ ಮಾರುತ್ತಿರುವವರಿಗೆ ಏನು ಹೇಳೋದು? ತರಬೇತಿ ಮುಗಿದ ಮೇಲೆ ಎಂಜಿನ್ ಇನ್ನೂ ಇದ್ದರೆ, ಮೇಲೆ ಹೇಳಿದ ಹಾಗೆ ನೋಡಿಸಿ ತಗೊಳ್ಳುತ್ತೇನೆ ಅನ್ನಿ. ವಿಂಗ್ ನಿಮ್ಮ ತೂಕಕ್ಕೆ ಚಿಕ್ಕದು, ತಪಾಸಣೆಯಲ್ಲಿ ಪಾಸಾದರೂ ಹಾರೋಕೆ ಅದು ನಿಮ್ಮದಲ್ಲ. ಗ್ರೌಂಡ್ ಹ್ಯಾಂಡ್ಲಿಂಗ್‌ಗೆ ಅಂತ ತುಂಬಾ ಕಡಿಮೆಗೆ ಕೊಟ್ಟರೆ ಮಾತ್ರ ಇಟ್ಟುಕೊಳ್ಳಿ, ಬ್ಯಾಗ್ ಮೇಲೆ ದಪ್ಪ ಅಕ್ಷರದಲ್ಲಿ ಹಾರೋಕೆ ಅಲ್ಲ ಅಂತ ಬರೆದುಬಿಡಿ. ತರಬೇತಿ ಮುಗಿಸಿದ ಮೇಲೆ ಹೊಸ ವಿಂಗ್ ಆಯ್ಕೆಗೆ ಬರೆಯುವುದಾದರೆ ನಿಮ್ಮ ಒಟ್ಟು ತೂಕದ ಜತೆ, ನೀವು ಹಾರುವ ಮೈದಾನ ಸಮುದ್ರಮಟ್ಟದಿಂದ ಎಷ್ಟು ಎತ್ತರದಲ್ಲಿದೆ ಅನ್ನೋದನ್ನೂ ತಿಳಿಸಿ. ಎತ್ತರದ ಜಾಗದಲ್ಲಿ, ಬಿಸಿ ಹವೆಯಲ್ಲಿ ಗಾಳಿ ತೆಳು, ಎಂಜಿನ್ ಎಳೆತ ಕಡಿಮೆ ಆಗುತ್ತೆ, ಓಡುವ ದೂರ ಹೆಚ್ಚುತ್ತೆ, ಹಾಗಾಗಿ ವಿಂಗ್‌ನ ಗಾತ್ರ ಅದನ್ನೂ ನೋಡಿಯೇ ಹೇಳಬೇಕಾಗುತ್ತೆ.